ಒಂದು ಟಕ್ ಹಿಂದಕ್ಕೆ

ಭಾನುವಾರ ಜೀನ್ಸ್ ಕಾರ್ಖಾನೆಗೆ ಬೀಗ.
ಏಳು ಗಂಟೆಗೇ ಗೋಡೆಯಾಚೆಯಿಂದ ಕಾಸಿಂಪೀರನ ಕೂಗು:
"ಹಂಪಮ್ಮಾ, ನಿನ್ ಕಾಲು ಖಾಲಿ ಐತಾ?"

ಕೌಲ್ ಬಜಾರಿನ ತಗಡಿನ ಶೆಡ್ಡಿನಲ್ಲಿ
ನಾಲ್ಕೂ ಚಕ್ರ ನೆಲ ಬಿಟ್ಟು
ದಿಮ್ಮಿಗಳ ಮೇಲೆ ನಿಂತಿತ್ತು ವಕೀಲರ ಮನೆಯ ಆಸ್ಟಿನ್,
ತಲೆ ಬಾಚಿಸಿಕೊಳ್ಳಲು ಕೂತ ಮುದುಕಿಯ ಹಾಗೆ
ಸ್ವಲ್ಪ ಮುನಿಸು, ಸ್ವಲ್ಪ ಸುಖ.

ಇದರ ಬ್ರೇಕಿನಲ್ಲಿ ಎಣ್ಣೆಯಿಲ್ಲ.
ಕಾಲಿನಿಂದ ಚಕ್ರದವರೆಗೆ ಬರೀ ಸರಳು, ಪಿನ್ನು, ಮೊಳಕೈಯಂಥ ಕೀಲು.
ಒತ್ತಿದ್ದಷ್ಟೂ
ಕಬ್ಬಿಣದಿಂದ ಕಬ್ಬಿಣಕ್ಕೆ ನಡೆದುಕೊಂಡೇ ಹೋಗಿ ಮುಟ್ಟಬೇಕು.
ಕಾಸಿಂಪೀರ ಅಡಿಗೆ ಮಲಗಿದ್ದ;
ಕಾಣುತ್ತಿದ್ದುದು ಎರಡು ಹಿಮ್ಮಡಿ,
ನಮ್ಮ ಕಾರ್ಖಾನೆಯ ನೀಲಿ ಚಿಂದಿಯ ಒಂದು ಮುದ್ದೆ.

ಹುಡುಗರ ಕಾಲು ಆಗದು ಅನ್ನುತ್ತಾನೆ.
ಅವರು ಒದೆಯುತ್ತಾರೆ.
ನನ್ನದು ಹದಿನಾರು ವರ್ಷ ಹೊಲಿಗೆ ಮಷೀನಿನ ಮೇಲಿದ್ದ ಪಾದ,
ಅರ್ಧ ಹೊಲಿಗೆಯಲ್ಲಿ ಸೂಜಿ ನಿಲ್ಲಿಸಬಲ್ಲದು,
ಜೇಬಿನ ಮೂಲೆ ತಿರುಗುವಲ್ಲಿ
ಉಸಿರಿನಷ್ಟು ಒತ್ತಿ, ಉಸಿರಿನಷ್ಟು ಬಿಡಬಲ್ಲದು.

"ಒತ್ತು."
"ಇನ್ನೊಂಚೂರು."
"ಹಾಂ, ಹಿಡ್ಕೋ.
ಬಿಡು."

ಚೌಕ ತಲೆಯ ತಿರುಪು ತಿರುಗುತ್ತದೆ: ಟಕ್. ಟಕ್. ಟಕ್.
ಚಕ್ರ ಕಟ್ಟಿಹಾಕಿದಂತೆ ನಿಂತ ಮೇಲೆ
ಒಂದು ಟಕ್ ಹಿಂದಕ್ಕೆ.
ಪೂರ್ತಿ ಬಿಗಿದದ್ದು ಹೊಸಪೇಟೆ ಮುಟ್ಟುವ ಮೊದಲೇ
ಹೊಗೆ ಹಾಯುತ್ತದಂತೆ.

ಇಷ್ಟು ನನಗೆ ಹಳೆಯದು.
ಹೊಸದೆಂದರೆ, ಈ ಸಲ
ಚಕ್ರವನ್ನು ಕೈಯಲ್ಲಿ ತಿರುಗಿಸಿ ಕಿವಿಯಿಟ್ಟವನು ಸುಮ್ಮನಾದ.
ಮತ್ತೆ ತಿರುಗಿಸಿದ.
ಇನ್ನೊಂದು ಕಿವಿಯಿಟ್ಟ.
ಆಮೇಲೆ, ಪಕ್ಕದ ಮನೆಯಲ್ಲಿ ಸಕ್ಕರೆ ಕೇಳುವ ದನಿಯಲ್ಲಿ:
"ಏನಂತೈತೆ ಅದು? ನೀನೇ ಹೇಳು."

ಇಳಿದು ಕುಕ್ಕರಗಾಲಲ್ಲಿ ಕೂತೆ.
ಒಳಗೆ ಲೈನಿಂಗು ಡ್ರಮ್ಮನ್ನು ಸವರುತ್ತಿತ್ತು.
"ಸರಸರ ಅಂತೈತೆ."
"ಎಂಥಾ ಸರಸರ? ಹಾವಿಂದಾ, ಸೀರೇದಾ?"
"ಸೀರೇದು. ಗಂಜಿ ಹಾಕಿದ್ದು."
"ಹಂಗಾದ್ರೆ ಬಿಗಿ ಜಾಸ್ತಿ." ಟಕ್. "ಈಗ?"

ಈಗ ಅದು ಮೊರದಲ್ಲಿ ಜೋಳ ಜಾರುವ ಸದ್ದು.
ಅವನು ಮತ್ತೆ ಏನೋ ಮಾಡಿದ.
ಈಗ ಅಷ್ಟೂ ಇಲ್ಲ.
ನಿದ್ದೆಗಣ್ಣಿನ ಮಗು
ಕಂಬಳಿಗೆ ಕೆನ್ನೆ ಒರೆಸಿದ ಹಾಗೆ,
ಒಂದು ಸುತ್ತಿಗೆ ಒಂದೇ ಸಲ.
ಹೇಳಲು ನಾಚಿಕೆಯಾಯಿತು. ಹೇಳಿದೆ.

"ಬಸ್," ಎಂದ. "ಅದೇ.
ಅದನ್ನ ಮರೀಬೇಡ. ಇನ್ನೂ ಮೂರು ಚಕ್ರ ಐತೆ."

ಮೂರಕ್ಕೂ ಮಗು ಸಿಗಲಿಲ್ಲ.
ಎಡ ಹಿಂದಿನದು ಎಷ್ಟು ಪುಸಲಾಯಿಸಿದರೂ
ಮೊರದಲ್ಲೇ ಉಳಿಯಿತು.

ಮಧ್ಯಾಹ್ನ, ಊರ ಹೊರಗೆ, ಸಂಡೂರು ದಾರಿ.
ಅದಿರಿನ ಲಾರಿಗಳು ಉದುರಿಸಿದ ಕೆಂಪು ಹುಡಿ
ಬೆರಳಿಟ್ಟರೆ ಅಚ್ಚು ಮೂಡುವಷ್ಟು.
ಅವನು ಓಡಿಸಿದ, ಓಡಿಸಿದ, ತುಳಿದ.
ನನ್ನ ಹಲ್ಲಿಗೆ ಹಲ್ಲು ತಾಗಿತು.
ಹಿಂದೆ ತಿರುಗಿದರೆ ರಸ್ತೆಯ ಮೇಲೆ ನಾಲ್ಕು ಗೀಟು.

ಭಾನುವಾರವೂ ಕೊರಳಲ್ಲೇ ಇರುತ್ತದೆ ನನ್ನ ಟೇಪು.
ಮುಂದಿನವೆರಡೂ ನಲವತ್ತೊಂದಿಂಚು.
ಬಲ ಹಿಂದಿನದೂ ಅಷ್ಟೇ, ನೂಲಿನೆಳೆ ಕಮ್ಮಿ.
ಎಡ ಹಿಂದಿನದು ನಲವತ್ತನಾಲ್ಕು.
"ಮೊರ," ಎಂದ ಕಾಸಿಂಪೀರ,
ಬೈಯುವಂತೆ, ಮುದ್ದಿಸುವಂತೆ.

ಗೀಟಿನ ತುದಿಯಲ್ಲಿ ಅಂಗೈ ಊರಿ ಕೂತೇ ಇದ್ದ.
ಲಾರಿಯೊಂದು ಬರುತ್ತಿತ್ತು; ತೋಳು ಹಿಡಿದು ಎಳೆದೆ.
ಅದು ಹಾದುಹೋಯಿತು,
ನಮ್ಮ ನಾಲ್ಕೂ ಗೀಟು ಹುಡಿಯಲ್ಲಿ ಹುಡಿಯಾಯಿತು.

"ಅದಕ್ಕೂ ಎಡ ಹಿಂದಿನದೇ ಕಚ್ಕೊಂಡೈತೆ," ಎಂದ,
ಇನ್ನೂ ಅಂಗೈಯನ್ನೇ ನೋಡುತ್ತ.
ನನಗೆ ಕೇಳಿದ್ದು ಬರೀ ಲಾರಿ.

ಟೇಪು ಸುತ್ತಿಕೊಂಡೆ.
ಮೂವತ್ತರಿಂದಾಚೆಯ ಅಂಕಿಗಳೆಲ್ಲ ಕೆಂಪು.
ನಾಳೆ ಯಾರದೋ ಸೊಂಟಕ್ಕೆ
ಸ್ವಲ್ಪ ಅಂಟುತ್ತದೆ.